ಅಭಿಮಾನದ ಬಣ್ಣದ ಕಿವಿಪಟ್ಟಿ: ಓದುಗರ ಹೆಣಿಗೆ ಪ್ರಶ್ನೆಗಳಿಗೆ ಉತ್ತರ

ಎಳ್ಳ ಅಮಾವಾಸ್ಯೆಗೆ ಇನ್ನೂ ಕೆಲವು ವಾರಗಳಿರುವಾಗಲೇ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಿವಿಯ ಮಾತು ಮೊದಲಾಗುತ್ತದೆ. ಬೀದರ್‌ನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ನಸುಕುಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ತಲೆಯನ್ನೆಲ್ಲ ಮುಚ್ಚುವ ಮಂಕಿ ಟೋಪಿಗಿಂತ, ಕಿವಿ ಮತ್ತು ಹಣೆಯನ್ನಷ್ಟೇ ಸುತ್ತಿಕೊಂಡು ಹೊತ್ತೇರಿದ ಮೇಲೆ ಜೇಬು ಸೇರಬಲ್ಲ ಕಿವಿಪಟ್ಟಿಯೇ ನಮ್ಮ ಭಾಗದ ಚಳಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕೇಳಿರುವುದು ಒಂದೇ ಮಾತು: ಮೆಚ್ಚಿನ ತಂಡದ, ಮೆಚ್ಚಿನ ಕಥೆಯ, ಮೆಚ್ಚಿನ ಕಲೆಯ ಗುರುತು ಆ ಪಟ್ಟಿಯ ಮೇಲೆ ಮೂಡಬೇಕು. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಹೆಣಿಗೆಯ ಎರಡು ಮೂಲ ಕುಣಿಕೆಗಳನ್ನು ನಮ್ಮ ಮನೆಗಳಲ್ಲಿ ಕರೆಯುವಂತೆಯೇ ಸೀದಾ, ಉಲ್ಟಾ ಎಂದು ಕರೆದಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಬೆಳಗಿನ ಆರು ಗಂಟೆಗೆ ಚೌಬಾರದ ಮುಂದಿನಿಂದ ಸೈಕಲ್ ಮೇಲೆ ಟ್ಯೂಷನ್‌ಗೆ ಹೋಗುತ್ತಾಳೆ. ಟೋಪಿ ಹಾಕಿಕೊಳ್ಳಲು ಒಪ್ಪುವುದಿಲ್ಲ. ಆರ್‌ಸಿಬಿ ತಂಡದ ಕೆಂಪು ಬಣ್ಣದಲ್ಲಿ, ಹಣೆಯ ಮೇಲೆ 18 ಎಂಬ ಸಂಖ್ಯೆ ಇರುವ ಕಿವಿಪಟ್ಟಿಯಾದರೆ ದಿನವೂ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾಳೆ. ನನಗೆ ಸೀದಾ ಮತ್ತು ಉಲ್ಟಾ ಎರಡೇ ಬರುತ್ತವೆ. ಎಲ್ಲಿಂದ ಆರಂಭಿಸಲಿ? (ಒಬ್ಬ ತಾಯಿ, ಬೀದರ್)

ಉತ್ತರ: ಸೀದಾ ಮತ್ತು ಉಲ್ಟಾ ಬಂದರೆ ಈ ಕೆಲಸಕ್ಕೆ ಬೇಕಾದದ್ದೆಲ್ಲ ಬಂದಂತೆಯೇ. ಆದರೆ ಬಣ್ಣದ ದಾರ ಕೊಳ್ಳುವ ಮೊದಲು ಮಗಳನ್ನು ಕೂರಿಸಿ, ಹುಬ್ಬಿನ ಸ್ವಲ್ಪ ಮೇಲಿನಿಂದ ಕಿವಿಗಳ ಮೇಲೆ ಹಾಯ್ದು ಹಿಂದಲೆಯ ಉಬ್ಬಿನವರೆಗೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿರಿ. ಆ ವಯಸ್ಸಿಗೆ ಅದು ಸುಮಾರು 53 ಸೆಂ.ಮೀ. ಇರುತ್ತದೆ. ಪಟ್ಟಿಯನ್ನು ಅಷ್ಟೇ ಉದ್ದಕ್ಕೆ ಹೆಣೆದರೆ ಅದು ಎರಡನೆಯ ದಿನವೇ ಜಾರಿ ಕಣ್ಣಿಗೆ ಬರುತ್ತದೆ. ಹೆಣಿಗೆ ಹಿಗ್ಗುವ ವಸ್ತುವಾದ್ದರಿಂದ ತಲೆಯ ಅಳತೆಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ಅಂದರೆ ಇಲ್ಲಿ ಸುಮಾರು 48 ಸೆಂ.ಮೀ. ಇರಬೇಕು.

ಇನ್ನು ಕುಣಿಕೆಗಳ ಲೆಕ್ಕ. ಅಂಗಡಿಗಳಲ್ಲಿ ಡಬಲ್ ನಿಟ್ಟಿಂಗ್ ಎಂಬ ಹೆಸರಿನಲ್ಲಿ ಸಿಗುವ ಮಧ್ಯಮ ದಾರವನ್ನು 4 ಮಿ.ಮೀ. ಕಡ್ಡಿಯಲ್ಲಿ ಹೆಣೆದಾಗ ಸಾಮಾನ್ಯವಾಗಿ 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 28 ಸಾಲು ಬರುತ್ತವೆ. ಪ್ರತಿಯೊಬ್ಬರ ಕೈಯ ಬಿಗಿ ಬೇರೆಯಾದ್ದರಿಂದ ಒಂದು ಅಂಗೈ ಅಗಲದ ತುಂಡನ್ನು ಮೊದಲು ಹೆಣೆದು ಎಣಿಸಿಯೇ ಮುಂದುವರಿಯಬೇಕು. ಈ ತುಂಡನ್ನು ಹೆಣೆಯಲು ಬೇಸರಪಟ್ಟು ಇಡೀ ಪಟ್ಟಿಯನ್ನೇ ಬಿಚ್ಚಿದವರ ಪತ್ರಗಳು ನನಗೆ ಪ್ರತಿ ವರ್ಷವೂ ಬರುತ್ತವೆ. ನಿಮ್ಮ ಎಣಿಕೆಯೂ 22 ಬಂದರೆ 48ನ್ನು 2.2ರಿಂದ ಗುಣಿಸಿರಿ, 105.6 ಬರುತ್ತದೆ. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ ಹೆಣೆಯಬೇಕಾಗಿರುವುದರಿಂದ ನಾಲ್ಕರಿಂದ ಭಾಗವಾಗುವ 104 ಕುಣಿಕೆಗಳನ್ನು ಹಾಕಿಕೊಳ್ಳಿರಿ. ಉಂಗುರದಂತೆ ಸುತ್ತಿ ಹೆಣೆಯುವ 40 ಸೆಂ.ಮೀ. ವೃತ್ತಾಕಾರದ ಕಡ್ಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎರಡು ನೇರ ಕಡ್ಡಿಗಳಲ್ಲಿಯೇ ಹೆಣೆದು ಹಿಂದಲೆಯಲ್ಲಿ ಹೊಲಿಗೆ ಬರುವಂತೆ ಸೇರಿಸಬಹುದು. ಆಗ ಹೊಲಿಗೆಯಲ್ಲಿ ಮರೆಯಾಗಲು ಎರಡು ಕುಣಿಕೆ ಹೆಚ್ಚು, ಅಂದರೆ 106 ಇರಲಿ.

ಮೊದಲ 5 ಸಾಲು ಎರಡು ಸೀದಾ, ಎರಡು ಉಲ್ಟಾ. ನಡುವೆ 17 ಸಾಲು ಕೆಂಪು ಬಣ್ಣದಲ್ಲಿ ಮುಂಬದಿ ಪೂರ್ತಿ ಸೀದಾ. ಕೊನೆಗೆ ಮತ್ತೆ 5 ಸಾಲು ಮೊದಲಿನಂತೆ. ಒಟ್ಟು 27 ಸಾಲಿಗೆ ಸುಮಾರು ಒಂಬತ್ತೂವರೆ ಸೆಂ.ಮೀ. ಎತ್ತರ ಬರುತ್ತದೆ; ಕಿವಿ ಪೂರ್ತಿ ಮುಚ್ಚಲು ಇಷ್ಟು ಸಾಕು. ಅಂಚಿನ ಐದೈದು ಸಾಲುಗಳು ಅಲಂಕಾರಕ್ಕಷ್ಟೇ ಇರುವುದಲ್ಲ. ಬರೀ ಸೀದಾ ಮುಖದ ಹೆಣಿಗೆ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ, ಈ ಅಂಚುಗಳೇ ಅದನ್ನು ಹಿಡಿದು ನಿಲ್ಲಿಸುತ್ತವೆ. ಕೊನೆಯ ಸಾಲಿನ ಕುಣಿಕೆಗಳನ್ನು ಮುಚ್ಚುವಾಗ ಒಂದು ಅಳತೆ ದಪ್ಪನೆಯ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಆ ಅಂಚು ಹಿಗ್ಗದೆ ಹಣೆಯ ಮೇಲೆ ಗೆರೆ ಮೂಡಿಸುತ್ತದೆ.

ಈಗ 18ರ ವಿಷಯ. ವಿರಾಟ್ ಕೊಹ್ಲಿಯವರ ಅಂಗಿಯ ಸಂಖ್ಯೆ 18. ತಂಡ ಮೊದಲ ಸಲ ಐಪಿಎಲ್ ಗೆದ್ದದ್ದು 2025ರ ಜೂನ್ 3ರಂದು, ಅದು ಪಂದ್ಯಾವಳಿಯ 18ನೆಯ ಆವೃತ್ತಿ. ಹನ್ನೆರಡು ವರ್ಷದ ಹುಡುಗಿಗೆ ಆ ಸಂಖ್ಯೆ ಏಕೆ ಅಷ್ಟು ಪ್ರಿಯವೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಸಂಖ್ಯೆಯನ್ನು ಹೆಣೆಯುತ್ತಲೇ ಎರಡನೆಯ ದಾರದಿಂದ ಮೂಡಿಸಲು ಹೋಗಬೇಡಿರಿ. ಹಣೆಯ ಮೇಲಿನ ಹನ್ನೆರಡು ಕುಣಿಕೆಗಾಗಿ ಚಿನ್ನದ ಬಣ್ಣದ ದಾರವನ್ನು ತಲೆಯ ಸುತ್ತಲೂ ಒಳಗಿನಿಂದ ಎಳೆದುಕೊಂಡು ಹೋಗಬೇಕಾಗುತ್ತದೆ, ಪಟ್ಟಿಯ ಹಿಗ್ಗು ಹೋಗುತ್ತದೆ. ಬದಲಿಗೆ ಪಟ್ಟಿ ಪೂರ್ತಿಯಾದ ಮೇಲೆ ಮೊಂಡು ತುದಿಯ ಸೂಜಿಯಲ್ಲಿ ಚಿನ್ನದ ದಾರ ಪೋಣಿಸಿ, ಪ್ರತಿ ಕುಣಿಕೆಯ ವಿ ಆಕಾರದ ಮೇಲೆಯೇ ಅದೇ ದಾರಿಯಲ್ಲಿ ಇನ್ನೊಂದು ಕುಣಿಕೆ ಹೊಲಿಯುತ್ತ ಹೋಗಿರಿ. ಇದನ್ನು ಮೇಲುಹೊಲಿಗೆ ಎನ್ನೋಣ. ನೋಡಿದವರಿಗೆ ಹೆಣೆದದ್ದೋ ಹೊಲಿದದ್ದೋ ತಿಳಿಯುವುದಿಲ್ಲ. ತಪ್ಪಿದರೆ ಆ ದಾರವನ್ನಷ್ಟೇ ಬಿಚ್ಚಿದರಾಯಿತು. 1ಕ್ಕೆ 3 ಕುಣಿಕೆ, ನಡುವೆ 2 ಖಾಲಿ, 8ಕ್ಕೆ 7 ಕುಣಿಕೆ, ಎತ್ತರ 11 ಸಾಲು. ಒಟ್ಟು 12 ಕುಣಿಕೆ, ಎರಡೂ ಬದಿಗೆ 46 ಕುಣಿಕೆ ಬಿಟ್ಟರೆ ಸಂಖ್ಯೆ ಸರಿಯಾಗಿ ಹಣೆಯ ಮಧ್ಯಕ್ಕೆ ಬರುತ್ತದೆ. ಮೇಲೆ ಮೂರು, ಕೆಳಗೆ ಮೂರು ಕೆಂಪು ಸಾಲು ಉಳಿಯುತ್ತವೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. 2024ರಲ್ಲಿ ತಂಡದ ಹೆಸರು ಬೆಂಗಳೂರು ಎಂದು ಬದಲಾದಾಗ ಅಂಗಿಯಲ್ಲಿ ಕೆಂಪಿನ ಜೊತೆಗೆ ಕಡುನೀಲಿ ಬಂದಿತು, ಮೊದಲಿನವರಿಗೆ ಕೆಂಪು ಮತ್ತು ಕಪ್ಪು ನೆನಪು. ಅಂಚಿಗೆ ಯಾವುದನ್ನಾದರೂ ಆರಿಸಿಕೊಳ್ಳಿರಿ, ಆದರೆ ಕೆಂಪಿನ ಮೇಲೆ ಕಡುನೀಲಿಯಲ್ಲಿ ಸಂಖ್ಯೆ ಹೊಲಿಯಬೇಡಿರಿ. ಅಂಗಡಿಯಲ್ಲಿಯೇ ಎರಡೂ ದಾರಗಳನ್ನು ಅಕ್ಕಪಕ್ಕ ಇಟ್ಟು ಮೊಬೈಲ್‌ನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿರಿ. ಎರಡೂ ಒಂದೇ ಬೂದುಬಣ್ಣವಾಗಿ ಕಂಡರೆ ಹತ್ತು ಹೆಜ್ಜೆ ದೂರದಿಂದ ಸಂಖ್ಯೆ ಓದಲು ಬರುವುದಿಲ್ಲ. ಚಿನ್ನದ ಹಳದಿ ಕೆಂಪಿನ ಮೇಲೆ ಎದ್ದು ಕಾಣುತ್ತದೆ.

ಸೈಕಲ್ ಮೇಲೆ ಎದುರುಗಾಳಿ ಇರುವುದರಿಂದ ಒಂದೇ ಪದರ ಸಾಲದು. ಕಿವಿಯ ಆಲೆಯಲ್ಲಿ ಮೃದ್ವಸ್ಥಿಯ ಮೇಲೆ ತೆಳುವಾದ ಚರ್ಮವಿದೆ, ಬೆಚ್ಚಗಿಡುವ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಅದು ಬೇಗ ತಣ್ಣಗಾಗುತ್ತದೆ. ಹೆಣಿಗೆ ಬೆಚ್ಚಗಿಡುವುದು ತನ್ನೊಳಗೆ ಕದಲದ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ. ಬೀಸುವ ಗಾಳಿ ಕುಣಿಕೆಗಳ ಸಂದಿನಿಂದ ನುಗ್ಗಿ ಅದನ್ನು ಓಡಿಸಿಬಿಟ್ಟರೆ ದಾರ ಎಷ್ಟು ಬೆಲೆಯದಾದರೂ ಪ್ರಯೋಜನವಿಲ್ಲ. ಆದ್ದರಿಂದ ಒಳಗಡೆ ಕಿವಿಗಳ ಮೇಲೆ ಬರುವ ಎರಡು ಜಾಗಗಳಿಗೆ ಮಾತ್ರ ಅಂಗೈಯಗಲದ ಮೆತ್ತನೆಯ ಫ್ಲಾನೆಲ್ ಬಟ್ಟೆಯನ್ನು ಸಡಿಲವಾಗಿ ಹೊಲಿಯಿರಿ. ಇಡೀ ಪಟ್ಟಿಗೆ ಅಸ್ತರು ಕೊಟ್ಟರೆ ನೇಯ್ದ ಬಟ್ಟೆ ಹಿಗ್ಗದ ಕಾರಣ ಪಟ್ಟಿಯೂ ಹಿಗ್ಗುವುದಿಲ್ಲ, ತಲೆಗೆ ಏರುವುದೇ ಇಲ್ಲ. ಕೆಂಪು ದಾರ 50 ಗ್ರಾಂನ ಒಂದು ಉಂಡೆ ಸಾಕು, ಉಳಿದ ಬಣ್ಣಗಳಿಗೆ ಮನೆಯಲ್ಲಿ ಉಳಿದಿರುವ ಚೂರುಪಾರು ದಾರವೇ ಆದೀತು.

ಪ್ರಶ್ನೆ: ತಮ್ಮನ ಹುಟ್ಟುಹಬ್ಬಕ್ಕೆಂದು ಎರಡು ಬಣ್ಣದ ದಾರದಿಂದ 18 ಸಂಖ್ಯೆಯ ಕಿವಿಪಟ್ಟಿಯನ್ನು ಹೆಣೆದೆ. ಗ್ರಾಫ್ ಕಾಗದದ ಮೇಲೆ ಸರಿಯಾಗಿಯೇ ಬರೆದುಕೊಂಡಿದ್ದೆ. ಮುಗಿಸಿ ನೋಡಿದರೆ 81 ಆಗಿದೆ. ಹುಟ್ಟುಹಬ್ಬಕ್ಕೆ ನಾಲ್ಕು ದಿನ ಉಳಿದಿದೆ, ಬಿಚ್ಚುವ ಧೈರ್ಯವಿಲ್ಲ. (ಓದುಗರು, ಹುಮನಾಬಾದ್)

ಉತ್ತರ: ಬಿಚ್ಚಬೇಡಿರಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು ತಲೆಕೆಳಗು ಮಾಡಿರಿ. ನೀವು 1ನ್ನು ಬರೀ ನೇರ ಕಂಬದಂತೆಯೂ 8ರ ಎರಡೂ ಸೊನ್ನೆಗಳನ್ನು ಒಂದೇ ಅಳತೆಯಲ್ಲಿಯೂ ಹೆಣೆದಿದ್ದರೆ ಅದು ಈಗ 18 ಆಗಿ ಕಾಣುತ್ತಿರುತ್ತದೆ. ಕಿವಿಪಟ್ಟಿಯ ಎರಡೂ ಅಂಚುಗಳು ಒಂದೇ ಬಗೆಯಾಗಿದ್ದರೆ ಅದಕ್ಕೆ ಮೇಲು ಕೆಳಗು ಎಂಬುದಿಲ್ಲ. ಕುಣಿಕೆಗಳ ವಿ ಆಕಾರ ಮಾತ್ರ ತಿರುವುಮುರುವಾಗಿರುತ್ತದೆ, ಅದನ್ನು ಗುರುತಿಸಲು ಹೆಣೆಯುವವರೇ ಬೇಕು. 1ರ ತಲೆಗೆ ಪುಟ್ಟ ಕೊಕ್ಕೆ ಹಾಕಿದ್ದರೆ ಅದು ಈಗ ಬುಡಕ್ಕೆ ಬಂದಿರುತ್ತದೆ. ಆ ಒಂದೆರಡು ಕುಣಿಕೆಗಳನ್ನು ನೆಲದ ಬಣ್ಣದಿಂದ, ಅಂದರೆ ಸಂಖ್ಯೆಯ ಸುತ್ತಲಿನ ಪಟ್ಟಿಯ ಬಣ್ಣದಿಂದ, ಮೇಲುಹೊಲಿಗೆ ಹಾಕಿ ಮುಚ್ಚಿ, ಮೇಲ್ಗಡೆ ಬೇಕಾದ ಕಡೆ ಸಂಖ್ಯೆಯ ಬಣ್ಣದಿಂದ ಹೊಲಿದುಬಿಡಿರಿ. ಒಂದು ಸಂಜೆಯ ಕೆಲಸ, ಹುಟ್ಟುಹಬ್ಬಕ್ಕೆ ತಪ್ಪುವುದಿಲ್ಲ.

ಇದು ಏಕಾಯಿತು ಎಂಬುದನ್ನೂ ತಿಳಿದುಕೊಳ್ಳಿರಿ. ನಾವು ಕನ್ನಡವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದುತ್ತೇವೆ. ಬಲಗೈಯವರ ಹೆಣಿಗೆ ಬಲದಿಂದ ಎಡಕ್ಕೆ ಸಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಆದ್ದರಿಂದ ಗ್ರಾಫನ್ನು ಬುಡದ ಸಾಲಿನ ಬಲತುದಿಯಿಂದ ಓದಬೇಕು. ಉಂಗುರದಂತೆ ಸುತ್ತಿ ಹೆಣೆಯುವಾಗ ಪ್ರತಿ ಸಾಲನ್ನೂ ಹಾಗೆಯೇ ಓದಿ. ನೇರ ಕಡ್ಡಿಗಳಲ್ಲಿ ಹೆಣೆಯುವಾಗ ಸೀದಾ ಸಾಲನ್ನು ಬಲದಿಂದಲೂ ಉಲ್ಟಾ ಸಾಲನ್ನು ಎಡದಿಂದಲೂ ಓದಿ. ಗ್ರಾಫ್ ಕಾಗದದ ಮನೆಗಳು ಚೌಕವಾಗಿರುತ್ತವೆ, ಕುಣಿಕೆ ಹಾಗಿರುವುದಿಲ್ಲ ಎಂಬುದೂ ನೆನಪಿರಲಿ. 10 ಸೆಂ.ಮೀ.ಗೆ 22 ಕುಣಿಕೆ, 28 ಸಾಲು ಎಂದರೆ ಪ್ರತಿ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚಿರುವ ಪುಟ್ಟ ಇಟ್ಟಿಗೆಯಂತೆ. ಹತ್ತು ಮನೆ ಅಗಲದ ಸೊನ್ನೆ ಬಟ್ಟೆಯ ಮೇಲೆ ದುಂಡಗೆ ಕಾಣಬೇಕಾದರೆ ಕಾಗದದ ಮೇಲೆ ಅದನ್ನು ಹದಿಮೂರು ಮನೆ ಎತ್ತರಕ್ಕೆ, ಮೊಟ್ಟೆಯಂತೆ ಬರೆಯಬೇಕಾಗುತ್ತದೆ. ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಹೆಣೆಯಬೇಕೆನ್ನುವವರಿಗೆ ಈ ಮಾತು ಇನ್ನೂ ಮುಖ್ಯ, ಏಕೆಂದರೆ ನಮ್ಮ ಅಂಕಿಗಳೂ ಅಕ್ಷರಗಳೂ ದುಂಡನೆಯವು. ಅವುಗಳಿಗೆ ಹನ್ನೆರಡು ಸಾಲಿಗಿಂತ ಕಡಿಮೆ ಎತ್ತರ ಕೊಟ್ಟರೆ ತಿರುವುಗಳು ಮೆಟ್ಟಿಲಾಗಿಬಿಡುತ್ತವೆ.

ಪ್ರಶ್ನೆ: ಜಾದೂ ಶಾಲೆಯ ಕಥೆಗಳನ್ನು ಮತ್ತೆ ಮತ್ತೆ ಓದುವ ಮಗನಿಗಾಗಿ ಕಡುಗೆಂಪು ಮತ್ತು ಚಿನ್ನದ ಪಟ್ಟೆಗಳ ಕಿವಿಪಟ್ಟಿಯನ್ನು ಒಂದು ಅಮೆರಿಕನ್ ಮಾದರಿ ನೋಡಿಕೊಂಡು ಹೆಣೆದೆ. ಅದರಲ್ಲಿ ಹೇಳಿದಂತೆಯೇ 8 ನಂಬರಿನ ಕಡ್ಡಿ, 88 ಕುಣಿಕೆ. ದಾರವೂ ಅದೇ ದಪ್ಪದ್ದು. ಆದರೂ ಪಟ್ಟಿ 40 ಸೆಂ.ಮೀ. ಮಾತ್ರ ಬಂದಿದೆ, ಮಗನಿಗೆ ಹಾಕಿದರೆ ತಲೆ ನೋಯುತ್ತದೆ ಎನ್ನುತ್ತಾನೆ. ನನ್ನ ಕೈ ಅಷ್ಟು ಬಿಗಿಯೇ? (ಗೃಹಿಣಿ, ಕಲಬುರಗಿ)

ಉತ್ತರ: ನಿಮ್ಮ ಕೈಯಲ್ಲಿ ದೋಷವಿಲ್ಲ, ದೋಷವಿರುವುದು ಆ 8 ಎಂಬ ಅಂಕಿಯಲ್ಲಿ. ನಮ್ಮ ಅಂಗಡಿಗಳ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ಪದ್ಧತಿಯ ನಂಬರುಗಳಿವೆ. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆ. ಅಮೆರಿಕದ ಪದ್ಧತಿ ಇದಕ್ಕೆ ತದ್ವಿರುದ್ಧ, ಅಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ದಪ್ಪವಾಗುತ್ತದೆ. ನಮ್ಮ 8 ಎಂದರೆ 4 ಮಿ.ಮೀ., ಅವರ 8 ಎಂದರೆ 5 ಮಿ.ಮೀ. ನೀವು ಹಿಡಿಯಬೇಕಾಗಿದ್ದುದು ನಮ್ಮ 6 ನಂಬರಿನ ಕಡ್ಡಿ. ಎರಡೂ ಕಡೆ ಒಂದೇ ಅಳತೆ ಸೂಚಿಸುವ ನಂಬರು 7, ಅದು 4.5 ಮಿ.ಮೀ. ದಪ್ಪ ಕಡ್ಡಿಯಲ್ಲಿ 10 ಸೆಂ.ಮೀ.ಗೆ 18 ಕುಣಿಕೆ ಬಂದು 88 ಕುಣಿಕೆಗಳಿಗೆ ಸುಮಾರು 49 ಸೆಂ.ಮೀ. ಆಗಬೇಕಾಗಿತ್ತು, ತೆಳು ಕಡ್ಡಿಯಲ್ಲಿ 22 ಕುಣಿಕೆ ಬಂದು 40ಕ್ಕೆ ನಿಂತಿದೆ. ಇನ್ನು ಮುಂದೆ ಯಾವ ದೇಶದ ಮಾದರಿಯಾದರೂ ನಂಬರನ್ನು ನೋಡದೆ ಮಿಲಿಮೀಟರನ್ನು ನೋಡಿರಿ.

ಹೆಣೆದದ್ದು ವ್ಯರ್ಥವಾಗಬೇಕಾಗಿಲ್ಲ. ಹಿಂದಲೆಯ ಹೊಲಿಗೆಯನ್ನು ಬಿಚ್ಚಿ, ಅಷ್ಟೇ ಎತ್ತರಕ್ಕೆ, 8 ಸೆಂ.ಮೀ. ಅಗಲದ ಒಂದು ತುಂಡನ್ನು ಎರಡು ಸೀದಾ, ಎರಡು ಉಲ್ಟಾ ಕ್ರಮದಲ್ಲಿ ಕಡುಗೆಂಪಿನಲ್ಲಿಯೇ ಹೆಣೆದು ನಡುವೆ ಸೇರಿಸಿರಿ. ಕುಣಿಕೆಗಳ ಕಂಬಗಳು ಪಟ್ಟಿಯಲ್ಲಿರುವಂತೆಯೇ ನೆಟ್ಟಗೆ ನಿಂತಿರಲಿ, ಆಗಲೇ ತುಂಡು ತಲೆಯ ಸುತ್ತಳತೆಯ ದಿಕ್ಕಿಗೆ ಹಿಗ್ಗುತ್ತದೆ. ಪಟ್ಟೆಗಳು ಹಿಂದುಗಡೆ ಕಡಿದಂತೆ ಕಾಣುತ್ತವೆ ನಿಜ, ಆದರೆ ಅಲ್ಲಿ ಸೇರುವ ತುಂಡು ಇಡೀ ಪಟ್ಟಿಗಿಂತ ಹೆಚ್ಚು ಹಿಗ್ಗುವುದರಿಂದ ಮಗ ಬೆಳೆದಂತೆ ಇನ್ನೆರಡು ಚಳಿಗಾಲಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ತಂದೆಗೆ ಎಪ್ಪತ್ತು ದಾಟಿದೆ. 1982ರ ಗೋಕಾಕ್ ಚಳವಳಿಯ ದಿನಗಳಿಂದಲೂ ಡಾ. ರಾಜ್‌ಕುಮಾರ್ ಅವರ ಅಭಿಮಾನಿ. ಪ್ರತಿದಿನ ನಸುಕಿನಲ್ಲಿ ಶರಣಬಸವೇಶ್ವರ ಕೆರೆಯ ಸುತ್ತ ನಡೆಯಲು ಹೋಗುತ್ತಾರೆ. ಅವರಿಗೆ ಕನ್ನಡ ಬಾವುಟದ ಹಳದಿ, ಕೆಂಪು ಬಣ್ಣಗಳಲ್ಲಿ ಕಿವಿಪಟ್ಟಿ ಹೆಣೆಯಬೇಕೆಂದಿದ್ದೇನೆ. ಒಂದು ಕಿವಿಗೆ ಶ್ರವಣಯಂತ್ರವಿದೆ. (ಮಗಳು, ಕಲಬುರಗಿ)

ಉತ್ತರ: ನಿಮ್ಮ ಪತ್ರವನ್ನು ಓದಿ ಬಹಳ ಸಂತೋಷವಾಯಿತು. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಹುಮನಾಬಾದಿನ ಓದುಗರ ಪಟ್ಟಿಯಂತೆ ಇದನ್ನು ತಿರುಗಿಸಿ ಕಟ್ಟಲಾಗದು. ಆದ್ದರಿಂದ ಒಳಗಡೆ ಹಿಂದಲೆಯ ಜಾಗದಲ್ಲಿ, ಹಳದಿ ಅಂಚಿಗೆ ಒಂದು ಪುಟ್ಟ ಬಟ್ಟೆಯ ಗುರುತು ಹೊಲಿಯಿರಿ. ಕತ್ತಲಲ್ಲಿ ಎದ್ದು ಹೊರಡುವ ಹಿರಿಯರ ಬೆರಳಿಗೆ ಆ ಗುರುತು ಸಿಕ್ಕರೆ ಪಟ್ಟಿ ಸರಿಯಾಗಿ ತಲೆಗೇರುತ್ತದೆ.

ಶ್ರವಣಯಂತ್ರ ಕಿವಿಯ ಹಿಂದೆ ಕೂರುವಂಥದ್ದಾದರೆ ಬಿಗಿಯಾದ ಪಟ್ಟಿ ಅದನ್ನು ಒತ್ತುತ್ತದೆ, ಯಂತ್ರದ ಮೇಲೆ ದಪ್ಪನೆಯ ಹೊದಿಕೆ ಬಿದ್ದಾಗ ಕೀರಲು ಸದ್ದು ಬರುವುದೂ ಉಂಟು. ಹಾಗಾಗಿ ಇವರಿಗೆ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡುವ ನಿಯಮವನ್ನು ಬಿಟ್ಟು, ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆ ಮಾಡಿರಿ. ತಲೆ 57 ಸೆಂ.ಮೀ. ಇದ್ದರೆ ಪಟ್ಟಿ 54 ಸೆಂ.ಮೀ., ಅಂದರೆ 120 ಕುಣಿಕೆ. ಇಡೀ ಪಟ್ಟಿಯನ್ನು ಎರಡು ಸೀದಾ, ಎರಡು ಉಲ್ಟಾ ಕ್ರಮದಲ್ಲಿಯೇ ಹೆಣೆದರೆ ಸಡಿಲವಾಗಿದ್ದರೂ ಜಾರುವುದಿಲ್ಲ. ಫ್ಲಾನೆಲ್ ಅಸ್ತರನ್ನು ಯಂತ್ರವಿಲ್ಲದ ಕಿವಿಗೆ ಮಾತ್ರ ಕೊಡಿರಿ. ಸುತ್ತಿ ನೋಡಿದ ಮೇಲೆ ತಂದೆಯವರೊಡನೆ ಎಂದಿನ ದನಿಯಲ್ಲಿ ಮಾತನಾಡಿ, ಅವರಿಗೆ ಕೇಳಿಸುತ್ತದೆಯೇ ಎಂದು ತಪ್ಪದೆ ಪರೀಕ್ಷಿಸಿರಿ; ಹಿಂದಿನಿಂದ ಬರುವ ವಾಹನದ ಸದ್ದು ಕೇಳದಂತೆ ಮಾಡುವ ಪಟ್ಟಿ ಎಷ್ಟು ಬೆಚ್ಚಗಿದ್ದರೂ ಅವರಿಗೆ ಬೇಡ.

ಕೆಂಪಿನಿಂದ ಹಳದಿಗೆ ಬದಲಾಗುವ ಸಾಲಿನಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಬಣ್ಣದ ಮೊದಲ ಸಾಲಿನಲ್ಲಿ ಉಲ್ಟಾ ಕುಣಿಕೆ ಬಂದಲ್ಲಿ ಹಳೆಯ ಬಣ್ಣದ ಚುಕ್ಕೆಗಳು ಮೇಲೆದ್ದು ಗಡಿ ಹರಿದಂತೆ ಕಾಣುತ್ತದೆ. ಆ ಒಂದು ಸಾಲನ್ನು ಮುಂಬದಿಯಿಂದ ಪೂರ್ತಿ ಸೀದಾ ಹೆಣೆದು, ಮುಂದಿನ ಸಾಲಿನಿಂದ ಮತ್ತೆ ಎರಡು ಸೀದಾ, ಎರಡು ಉಲ್ಟಾ ಕ್ರಮಕ್ಕೆ ಮರಳಿರಿ. ಬಾವುಟದ ಗಡಿ ಗೆರೆ ಎಳೆದಂತೆ ಬರುತ್ತದೆ.

ಪ್ರಶ್ನೆ: ನನಗೆ ಕ್ರಿಕೆಟ್‌ಗಿಂತ ನಮ್ಮೂರಿನ ಬಿದರಿ ಕಲೆಯ ಮೇಲೆ ಅಭಿಮಾನ. ಕಪ್ಪು ನೆಲದ ಮೇಲೆ ಬೆಳ್ಳಿ ಹೂಬಳ್ಳಿಯ ಕಿವಿಪಟ್ಟಿ ಹೆಣೆಯಲು ಪ್ರಯತ್ನಿಸಿದೆ. ಒಳಗಿನ ದಾರಗಳು ಬೆರಳಿಗೆ, ಓಲೆಗೆ ಸಿಕ್ಕಿಹಾಕಿಕೊಳ್ಳುತ್ತವೆ, ಪಟ್ಟಿಯೂ ಸುಕ್ಕುಗಟ್ಟಿದೆ. (ವಿದ್ಯಾರ್ಥಿನಿ, ಬೀದರ್)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಉಜ್ಜಿದಾಗ ನೆಲವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಆ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಅದರ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಬಿದರಿಯ ಕಪ್ಪು ಹೊಳೆಯುವುದಿಲ್ಲ, ಮಸಿಯಂತೆ ಮಂದವಾಗಿರುತ್ತದೆ. ಆದ್ದರಿಂದ ಜರಿ ಎಳೆಯಿರುವ ಮಿನುಗು ದಾರವನ್ನು ಬಿಟ್ಟು, ಮಂದ ಕಪ್ಪು ಮತ್ತು ತಣ್ಣನೆಯ ತಿಳಿಬೂದಿ ಬಣ್ಣದ ದಾರಗಳನ್ನು ಆರಿಸಿಕೊಳ್ಳಿರಿ.

ಒಂದು ಸಾಲಿನಲ್ಲಿ ಎರಡು ಬಣ್ಣ ಹೆಣೆಯುವಾಗ ಬಳಕೆಯಲ್ಲಿಲ್ಲದ ದಾರ ಹಿಂದುಗಡೆ ತೇಲುತ್ತ ಹೋಗುತ್ತದೆ. ಆ ತೇಲುದಾರ ಐದು ಕುಣಿಕೆಗಿಂತ ಉದ್ದವಾಗಬಾರದು. ಹೂಬಳ್ಳಿಯಲ್ಲಿ ಹೂವಿನಿಂದ ಹೂವಿಗೆ ದೂರ ಹೆಚ್ಚು, ಅದಕ್ಕೇ ನಿಮ್ಮ ಓಲೆ ಸಿಕ್ಕಿಕೊಂಡಿದೆ. ಬಳ್ಳಿಯ ಆಸೆಯನ್ನು ಬಿಟ್ಟು, ಏಳು ಕುಣಿಕೆ ಅಗಲ, ಏಳು ಸಾಲು ಎತ್ತರದ ಒಂದು ಸಣ್ಣ ಹೂವನ್ನು ಬರೆದುಕೊಳ್ಳಿರಿ. ನಡುವೆ ಒಂದು ಕುಣಿಕೆ ಬಿಟ್ಟು ಅದನ್ನೇ ಪುನರಾವರ್ತಿಸಿದರೆ ಎಂಟೆಂಟು ಕುಣಿಕೆಗಳ ಗುಂಪಾಗುತ್ತದೆ. ಹೂವಿನ ತುದಿಗಳು ಕಿರಿದಾಗುವ ಸಾಲುಗಳಲ್ಲಿ ಎರಡು ಹೂಗಳ ನಡುವೆ ಒಂದು ಚುಕ್ಕೆ ಇಟ್ಟರೆ ತೇಲುದಾರ ಅಲ್ಲಿಯೂ ಉದ್ದವಾಗುವುದಿಲ್ಲ.

ಸುಕ್ಕಿಗೆ ಕಾರಣ ತೇಲುದಾರವನ್ನು ಬಿಗಿಯಾಗಿ ಎಳೆದಿರುವುದು. ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹಿಗ್ಗಿಸಿ ಹರಡಿಕೊಂಡು, ಆಮೇಲೆ ದಾರ ತನ್ನಿರಿ. ಸುತ್ತಿ ಹೆಣೆಯುವವರು ಉಂಗುರದ ಒಳಮುಖ ಹೊರಗೆ ಬರುವಂತೆ ಹಿಡಿದು ಹೆಣೆದರೆ ತೇಲುದಾರ ಹೊರಸುತ್ತಿನಲ್ಲಿ ಸಾಗಿ ತಾನಾಗಿಯೇ ಸ್ವಲ್ಪ ಉದ್ದ ಉಳಿಯುತ್ತದೆ. ಎರಡು ಬಣ್ಣದ ಹೆಣಿಗೆ ಒಂಟಿ ಬಣ್ಣದ ಹೆಣಿಗೆಗಿಂತ ಕಡಿಮೆ ಹಿಗ್ಗುವುದರಿಂದ ಕುಣಿಕೆಗಳನ್ನೂ ಹೆಚ್ಚಿಸಬೇಕು, 54 ಸೆಂ.ಮೀ. ತಲೆಗೆ 112 ಹಾಕಿರಿ, ಹದಿನಾಲ್ಕು ಹೂಗಳು ಸರಿಯಾಗಿ ಕೂರುತ್ತವೆ. ಕೊನೆಯದಾಗಿ, ಕಪ್ಪು ದಾರ ಯಾವಾಗಲೂ ಮೇಲಿನಿಂದ, ಬೂದಿ ದಾರ ಯಾವಾಗಲೂ ಕೆಳಗಿನಿಂದ ಬರುವಂತೆ ನೋಡಿಕೊಳ್ಳಿರಿ. ಕೆಳಗಿನಿಂದ ಬರುವ ದಾರದ ಕುಣಿಕೆ ಕೊಂಚ ದೊಡ್ಡದಾಗಿ ನಿಂತು ಮುಂದೆ ಕಾಣುತ್ತದೆ. ನಡುವೆ ಅದಲುಬದಲಾದರೆ ಅರ್ಧ ಹೂಗಳು ಎದ್ದು ಕಂಡು ಅರ್ಧ ಹೂಗಳು ಮಸುಕಾಗುತ್ತವೆ. ಒಳಗೆ ತೇಲುವ ದಾರವೇ ಎರಡನೆಯ ಪದರವಾಗುವುದರಿಂದ ಈ ಬಗೆಯ ಪಟ್ಟಿಗೆ ಅಸ್ತರಿನ ಅಗತ್ಯವಿಲ್ಲ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ಕಂಬಳಿಗೆ ಕೊಡುವ ಕರಿ ಉಣ್ಣೆಯ ನೂಲಿನಿಂದಲೇ ಮೊಮ್ಮಗನಿಗೆ ಅವನ ಮೆಚ್ಚಿನ ಕಬಡ್ಡಿ ತಂಡದ ಪಟ್ಟೆಗಳಿರುವ ಕಿವಿಪಟ್ಟಿ ಮಾಡಬಹುದೇ? (ಓದುಗರು, ಯಾದಗಿರಿ)

ಉತ್ತರ: ಮಾಡಬಹುದು, ಆದರೆ ಆ ಉಣ್ಣೆ ನೇರವಾಗಿ ಚರ್ಮಕ್ಕೆ ತಾಗಬಾರದು. ಎಳೆಯ ದಪ್ಪ ಸುಮಾರು 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ, ನಾವು ತುರಿಕೆ ಎನ್ನುವುದು ಅದನ್ನೇ. ದಖ್ಖನಿ ಕುರಿಯ ಉಣ್ಣೆ ಒರಟು. ಗಾಳಿ, ಮಂಜು ತಡೆಯುವ ಕಂಬಳಿಗೆ ಆ ಒರಟುತನವೇ ಬಲ, ಮಗುವಿನ ಕಿವಿಗೆ ಮಾತ್ರ ಅದು ಸಲ್ಲದು. ನನ್ನ ಅಜ್ಜಿ ಹಸುಗೂಸಿಗೆ ಕುಂಚಿಗೆ ಹೊಲಿಯುವಾಗ ಹೊರಗೆ ಎಷ್ಟೇ ಚೆಂದದ ಖಣ ಇಟ್ಟರೂ ಒಳಗೆ ಹಲವು ಸಲ ಒಗೆದು ಮೆತ್ತಗಾದ ಹಳೆಯ ಧೋತರದ ತುಂಡನ್ನೇ ಕೊಡುತ್ತಿದ್ದಳು. ನೀವೂ ಹಾಗೆಯೇ ಮಾಡಿರಿ. ಉಣ್ಣೆಯ ಪಟ್ಟಿಯ ಒಳಗೆ ಮೆತ್ತನೆಯ ಬನಿಯನ್ ಬಟ್ಟೆಯನ್ನು ಸುತ್ತಲೂ ಕೊಡಿರಿ. ಅದು ಹೆಣೆದ ಬಟ್ಟೆಯೇ ಆದ್ದರಿಂದ ಪಟ್ಟಿಯ ಜೊತೆಗೆ ತಾನೂ ಹಿಗ್ಗುತ್ತದೆ. ತಂಡದ ಬಣ್ಣದ ಪಟ್ಟೆಗಳಿಗೆ ಅಂಗಡಿಯ ದಾರ ಬಳಸಿದರೂ ನೆಲ ನಿಮ್ಮ ಮನೆಯ ಕುರಿಯ ಕಪ್ಪೇ ಇರಲಿ. ಆ ಕಪ್ಪಿಗೆ ಬಣ್ಣ ಹಾಕಿಲ್ಲವಾದ್ದರಿಂದ ಅದು ಬಿಡುವ ಭಯವೂ ಇಲ್ಲ.

ಪ್ರಶ್ನೆ: ಬೈಕ್ ಓಡಿಸುವಾಗ ಹೆಲ್ಮೆಟ್ ಒಳಗೆ ಕಿವಿಪಟ್ಟಿ ಕಟ್ಟಿಕೊಳ್ಳಬಹುದೇ? (ಓದುಗರು, ಭಾಲ್ಕಿ)

ಉತ್ತರ: ಹೆಣೆದ ಪಟ್ಟಿ ಬೇಡ. ಹೆಲ್ಮೆಟ್ ತಲೆಗೆ ಒತ್ತಿ ಕೂತರೆ ಮಾತ್ರ ಕಾಯುತ್ತದೆ, ನಡುವೆ ದಪ್ಪ ಹೆಣಿಗೆ ಬಂದರೆ ಅದು ಮೇಲೆದ್ದು ಅಲುಗಾಡುತ್ತದೆ. ಪೂರ್ಣ ಮುಖದ ಹೆಲ್ಮೆಟ್ ಕಿವಿಗೆ ತಾನೇ ಗಾಳಿ ತಡೆಯುತ್ತದೆ. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಹೋಗಬೇಕಾದಲ್ಲಿಗೆ ತಲುಪಿ ಹೆಲ್ಮೆಟ್ ತೆಗೆದ ಮೇಲೆ ಕಟ್ಟಿಕೊಳ್ಳಿರಿ.

ಪ್ರಶ್ನೆ: ಕೆಂಪು, ಬಿಳಿ ಪಟ್ಟೆಗಳ ಕಿವಿಪಟ್ಟಿಯನ್ನು ಒಗೆಯುವುದು ಹೇಗೆ? (ಓದುಗರು, ಶಹಾಪುರ)

ಉತ್ತರ: ಹೆಣೆಯುವ ಮೊದಲೇ ಕೆಂಪು ದಾರದ ಒಂದು ಗೇಣನ್ನು ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟು ನೋಡಬೇಕು. ನಾನು ಹೆಣಿಗೆ ಕಲಿತ ಹೊಸತರಲ್ಲಿ ಹೀಗೆ ನೋಡದೆ ತಮ್ಮನಿಗೆ ಕೆಂಪು ಬಿಳಿ ಪಟ್ಟಿ ಹೆಣೆದು, ಮೊದಲ ಒಗೆತದಲ್ಲಿಯೇ ಬಿಳಿಯೆಲ್ಲ ಗುಲಾಬಿಯಾಗಿ, ಚರಗ ಚೆಲ್ಲಲು ಹೊಲಕ್ಕೆ ಹೊರಟ ಅವನು ಅದನ್ನು ಮನೆಯಲ್ಲಿಯೇ ಬಿಟ್ಟು ಹೋದಾಗ ನನಗಾದ ನೋವು ಈಗಲೂ ನೆನಪಿದೆ. ಬಣ್ಣ ಬಿಡುವ ದಾರವನ್ನು ಬಿಳಿಯ ಪಕ್ಕಕ್ಕೆ ತರಲೇಬೇಡಿರಿ. ಹೆಣೆದಾದ ಮೇಲೆ ತಣ್ಣೀರಿನಲ್ಲಿ ಶಾಂಪೂವಿನ ಕೆಲವು ಹನಿ ಬೆರೆಸಿ, ತಿಕ್ಕದೆ, ಹಿಂಡದೆ ಅದುಮಿ ತೊಳೆದು, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ಚಾಪೆಯ ಮೇಲೆ ನೆರಳಿನಲ್ಲಿ ಹಾಸಿ ಒಣಗಿಸಿರಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಉಣ್ಣೆಯಾದರೆ ಬಿಸಿನೀರಿನಲ್ಲಿ ತಿಕ್ಕಿದಾಗ ಎಳೆಗಳ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಪಟ್ಟಿ ಮತ್ತೆ ಹಿಗ್ಗದಂತೆ ಕುಗ್ಗುತ್ತದೆ. ಅಕ್ರಿಲಿಕ್ ಹಾಗೆ ಕುಗ್ಗುವುದಿಲ್ಲ, ಆದರೆ ಅದರ ಮೇಲೆ ಇಸ್ತ್ರಿ ಇಟ್ಟರೆ ಎಳೆಗಳು ಕರಗಿ ಚಪ್ಪಟೆಯಾಗಿ, ಅಂಚಿನ ಆ ಐದು ಸಾಲುಗಳ ಹಿಡಿತವೇ ಹೋಗಿಬಿಡುತ್ತದೆ.